ಬರೆದ ಸ್ವರ ಒಂದೇ, ನಿಮಿಷ ಯಾಕೆ ಬೇರೆ?

ಪ್ರಶ್ನೆ: ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ನನ್ನದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹೆಸರುವಾಸಿ ಕೃತಿಗಳನ್ನೂ ಕೇಳಬೇಕೆನಿಸಿದೆ. ಬೀಥೋವನ್‌ನ ಐದನೇ ಸಿಂಫನಿ ಎಂದು ಮೊಬೈಲಿನಲ್ಲಿ ಹುಡುಕಿದರೆ ಮುಗಿಯದ ಪಟ್ಟಿ ಬರುತ್ತದೆ. ಒಂದು 31 ನಿಮಿಷ, ಒಂದು 33, ಮತ್ತೊಂದು 38. ಸ್ವರವೆಲ್ಲ ಬರೆದಿಟ್ಟ ಸಂಗೀತದಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಯಾವುದರಿಂದ ಶುರು ಮಾಡಲಿ, ಯಾರ ಧ್ವನಿಮುದ್ರಣ ಕೇಳಲಿ? ಹಳೆಯ ಎಲ್‌ಪಿಗಳನ್ನು ಕೊಳ್ಳುವುದರಲ್ಲಿ ಅರ್ಥವಿದೆಯೇ?

ಉತ್ತರ: ಪಟ್ಟಿಯಲ್ಲಿ ನಿಮಿಷದ ಕಡೆ ಕಣ್ಣು ಹೋಯಿತಲ್ಲ, ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಕಚೇರಿಯಲ್ಲಿ ಕೀರ್ತನೆ ಕಲ್ಪಿತ, ಅಂದರೆ ಮೊದಲೇ ಕಟ್ಟಿಟ್ಟದ್ದು. ಆಲಾಪನೆ, ನೆರವಲ್, ಕಲ್ಪನಾಸ್ವರ ಮನೋಧರ್ಮ, ಆ ಕ್ಷಣಕ್ಕೆ ಹುಟ್ಟುವುದು. ಅವರಲ್ಲಿ ಬಹುಪಾಲು ಎಲ್ಲವೂ ಕಲ್ಪಿತವೇ. ಹಾಗಾದರೆ ನುಡಿಸುವವರ ಮನೋಧರ್ಮ ಎಲ್ಲಿ ಹೋಯಿತು ಎಂದರೆ, ಕಾಲಪ್ರಮಾಣದಲ್ಲಿ (ನಡೆಯ ವೇಗದಲ್ಲಿ), ಯಾವ ವಾದ್ಯ ಮುಂದೆ ಯಾವುದು ಹಿಂದೆ ಎಂಬುದರಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ, ‘ಈ ಭಾಗವನ್ನು ಇನ್ನೊಮ್ಮೆ’ ಎಂದು ಬರೆದ ಕಡೆ ಇನ್ನೊಮ್ಮೆ ನುಡಿಸುತ್ತಾರೋ ಬಿಡುತ್ತಾರೋ ಎಂಬುದರಲ್ಲಿ ಅಡಗಿ ಕುಳಿತಿದೆ. ಒಂದೇ ಮುದ್ರಣ ಕೇಳಿದರೆ ಅದು ಕಾಣುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣುವುದು. ಅದಕ್ಕೇ ನನ್ನ ಸಲಹೆ: ‘ನೂರು ಶ್ರೇಷ್ಠ ಕೃತಿ’ಗಳ ಪಟ್ಟಿ ಪಕ್ಕಕ್ಕಿಡಿ. ನಾಲ್ಕೇ ಕೃತಿ, ಒಂದೊಂದಕ್ಕೆ ಎರಡು ಧ್ವನಿಮುದ್ರಣ. ಎರಡು ಮೂರು ತಿಂಗಳಿಗೆ ಅಷ್ಟು ಸಾಕು.

ಮೊದಲು ಮೊಬೈಲನ್ನು ಸರಿಮಾಡಿಕೊಳ್ಳಿ. ಹೊಸಬರಿಗೆ ಸಂಗೀತ ಹಿಡಿಸದೇ ಇರುವುದಕ್ಕೆ ಎಷ್ಟೋ ಸಲ ಸೆಟ್ಟಿಂಗೇ ಕಾರಣ. ಶಫಲ್ ಆಫ್ ಇರಲಿ, ಇಲ್ಲದಿದ್ದರೆ ಸಿಂಫನಿಯ (ಹಲವು ಭಾಗಗಳ ದೊಡ್ಡ ವಾದ್ಯವೃಂದ ಕೃತಿ) ಮೊದಲ ಭಾಗ ಆದಮೇಲೆ ಮೂರನೆಯದು ಬಂದು ಕೂರುತ್ತದೆ. ಒಂದು ಟ್ರ್ಯಾಕಿನ ಬಾಲವನ್ನು ಇನ್ನೊಂದರ ತಲೆಗೆ ಬೆಸೆಯುವ ಕ್ರಾಸ್‌ಫೇಡ್ ಸೊನ್ನೆಯಲ್ಲಿರಲಿ. ನಡುವೆ ಮೌನ ಸೇರಿಸದ ಗ್ಯಾಪ್‌ಲೆಸ್ ಆನ್ ಇರಲಿ. ಎಲ್ಲ ಹಾಡನ್ನೂ ಒಂದೇ ಗಟ್ಟಿತನಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆಫ್ ಮಾಡಿ. ಸಿನಿಮಾ ಹಾಡಿಗೆ ಅದು ಉಪಕಾರಿ. ಪಿಸುಮಾತಿನಿಂದ ಗುಡುಗಿನವರೆಗೆ ಹೋಗುವ ಸಂಗೀತಕ್ಕೆ ಅದು ಇಸ್ತ್ರಿ ಹಾಕಿದ ಹಾಗೆ. ಬಸ್ಸಿನಲ್ಲಿ ಕೇಳಲು ಹೋಗಬೇಡಿ. ಮೆಲ್ಲಗಿನ ಜಾಗ ಕೇಳಿಸದೆ ವಾಲ್ಯೂಮ್ ಏರಿಸುತ್ತೀರಿ, ಮುಂದಿನ ನಿಮಿಷ ಕಿವಿ ಹಾರಿಹೋಗುತ್ತದೆ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಕೃತಿಯ ಅಡ್ಡಹೆಸರನ್ನು ನಂಬಬೇಡಿ, ನಂಬರನ್ನು ನಂಬಿ. ಬೀಥೋವನ್‌ಗೆ ಓಪಸ್, ಬಾಖ್‌ಗೆ ಬಿಡಬ್ಲ್ಯುವಿ, ಮೊಜಾರ್ಟ್‌ಗೆ ಕೆ, ವಿವಾಲ್ಡಿಗೆ ಆರ್‌ವಿ. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಂಕಿಯೊಡನೆ ಟೈಪ್ ಮಾಡಿ, ಕಂಡಕ್ಟರ್ (ಬಸ್ಸಿನವರಲ್ಲ, ಕೋಲು ಹಿಡಿದು ವಾದ್ಯವೃಂದ ನಡೆಸುವವರು) ಅಥವಾ ವಾದಕರ ಹೆಸರು ಸೇರಿಸಿ. ಆಪ್ ತೋರಿಸುವ ವರ್ಷ ಹೆಚ್ಚಾಗಿ ಮರುಬಿಡುಗಡೆಯದು, ನುಡಿಸಿದ ವರ್ಷವಲ್ಲ. ಯಾರು ನುಡಿಸಿದ್ದು ಎಂಬ ಹೆಸರೇ ಇಲ್ಲದ ‘ನಿದ್ದೆಗೆ ಶಾಸ್ತ್ರೀಯ ಸಂಗೀತ’ ಜಾತಿಯ ಆಲ್ಬಮ್ ಬಂದರೆ ಮುಂದಕ್ಕೆ ಹೋಗಿ. ಅದರಲ್ಲಿರುವುದು ತುಂಡುಗಳು.

ಅಂದ ಹಾಗೆ ನಿಮ್ಮ ಕಿವಿ ನೀವಂದುಕೊಂಡಷ್ಟು ಹೊಸದಲ್ಲ. ಟೈಟನ್ ವಾಚಿನ ಜಾಹೀರಾತಿನ ಧಾಟಿ ನೆನಪಿದೆಯಲ್ಲ? ಅದು ಮೊಜಾರ್ಟ್ 1773ರಲ್ಲಿ, ಹದಿನೇಳರ ಹರೆಯದಲ್ಲಿ ಬರೆದ 25ನೇ ಸಿಂಫನಿ, ಕೆ 183ರ ಮೊದಲ ಭಾಗದ್ದು.

ಈಗ ಐದನೇ ಸಿಂಫನಿ, ಓಪಸ್ 67. ಮೊದಲು ನುಡಿಸಿದ್ದು 1808ರ ಡಿಸೆಂಬರ್ 22ರಂದು, ವಿಯೆನ್ನಾದಲ್ಲಿ. ಅದೇ ಸಂಜೆ ಆರನೇ ಸಿಂಫನಿ, ನಾಲ್ಕನೇ ಪಿಯಾನೊ ಕಾನ್ಸರ್ಟೊ (ಒಂದು ವಾದ್ಯ ಮುಂದೆ ನಿಂತು ವಾದ್ಯವೃಂದದ ಜೊತೆ ನುಡಿಯುವ ಕೃತಿ), ಜೊತೆಗೆ ಇನ್ನಷ್ಟು. ಚಳಿ ಹಿಡಿದ ಸಭಾಂಗಣದಲ್ಲಿ ಸುಮಾರು ನಾಲ್ಕು ಗಂಟೆ. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳನ್ನು ಒಮ್ಮೆ ತೊಡೆಯ ಮೇಲೆ ತಾಳ ಹಾಕಿ ಕೇಳಿ. ಬಹಳ ಜನ ಮೊದಲ ಸ್ವರಕ್ಕೇ ಘಾತ ಹಾಕುತ್ತಾರೆ. ಸ್ವರಲಿಪಿಯಲ್ಲಿ ಹಾಗಿಲ್ಲ. ಘಾತ ಬೀಳುವುದು ಮೌನದ ಮೇಲೆ. ಅದಾದ ಮೇಲೆ ಮೂರು ಗಿಡ್ಡ ಸ್ವರ, ಮುಂದಿನ ಘಾತಕ್ಕೆ ಉದ್ದ ಸ್ವರ. ನಮ್ಮ ಭಾಷೆಯಲ್ಲಿ ಇದು ಅನಾಗತ ಎಡುಪು. ಆ ಖಾಲಿ ಘಾತವನ್ನು ನೀವು ಎಣಿಸಿಕೊಂಡರೆ ಮೂರು ಸ್ವರ ತಳ್ಳಿಕೊಂಡು ಬರುತ್ತವೆ. ಎಣಿಸದಿದ್ದರೆ ಬರೀ ಬಾಗಿಲು ಬಡಿದ ಸದ್ದು. ಇನ್ನೊಂದು ಸೂಕ್ಷ್ಮವಿದೆ. ಎರಡನೇ ಸಲ ಬರುವ ಉದ್ದ ಸ್ವರವನ್ನು ಬೀಥೋವನ್ ಎರಡು ಬಾರ್‌ಗೆ (ತಾಳದ ಒಂದು ಚಿಕ್ಕ ಆವರ್ತದಂಥ ಅಳತೆ) ಎಳೆದು ಬರೆದಿದ್ದಾನೆ. ಮೊದಲನೆಯದಕ್ಕಿಂತ ಅದು ಉದ್ದ ನಿಲ್ಲಬೇಕು. ಎಷ್ಟು ಉದ್ದ ಎಂಬಲ್ಲೇ ಒಬ್ಬೊಬ್ಬ ಕಂಡಕ್ಟರರ ಗುಣ ಗೊತ್ತಾಗಿಬಿಡುತ್ತದೆ.

ನಿಮ್ಮ ನಿಮಿಷದ ಲೆಕ್ಕ ಈಗ ಮಾಡೋಣ. ಮೊದಲ ಭಾಗದಲ್ಲಿ 502 ಬಾರ್. ಮೊದಲ 124 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಬೇಕೆಂಬ ಗುರುತಿದೆ, ಒಟ್ಟು 626. ಬೀಥೋವನ್ 1817ರಲ್ಲಿ ಪ್ರಕಟಿಸಿದ ಮೆಟ್ರೊನೋಮ್ (ವೇಗ ಅಳೆಯುವ ಯಂತ್ರ) ಗುರುತಿನ ಪ್ರಕಾರ ನಿಮಿಷಕ್ಕೆ 108 ಬಾರ್. ಭಾಗಿಸಿದರೆ ಎಲ್ಲೂ ನಿಲ್ಲದೆ 5 ನಿಮಿಷ 48 ಸೆಕೆಂಡು. ನಿಲುಗಡೆಗಳನ್ನು ಸೇರಿಸಿದರೆ ಆರು ನಿಮಿಷದ ಮೇಲೆ ಸ್ವಲ್ಪ ಬರಬೇಕು. ಆದರೆ ಮಹಾವೇಗಿ ಎಂದು ಹೆಸರಾದ ಕಾರ್ಲೋಸ್ ಕ್ಲೈಬರ್ ಕೂಡ ಇದಕ್ಕೆ 7 ನಿಮಿಷ 20 ಸೆಕೆಂಡಿನಷ್ಟು ತೆಗೆದುಕೊಳ್ಳುತ್ತಾರೆ. ಅಂದರೆ ಅಲ್ಲಿ ಕೇಳಿಸುವುದು ಓಟಕ್ಕಿಂತ ಬಿಗಿ. ಸ್ವರದ ಕೊನೆಯನ್ನು ಜೋತು ಬೀಳಲು ಬಿಡದೆ ಕತ್ತರಿಸುವುದರಿಂದ ಕಿವಿಗೆ ವೇಗ ಅನ್ನಿಸುತ್ತದೆ, ಅಷ್ಟೆ. ಮೃದಂಗದಲ್ಲೂ ಹಾಗೇ ಅಲ್ಲವೇ, ಕಾಲ ಏರಿಸದೆ ಚುರುಕು ತರುವವರಿರುತ್ತಾರೆ.

ಕ್ಲೈಬರ್ ಇದನ್ನು ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1974ರಲ್ಲಿ ಡಾಯ್ಚ ಗ್ರಾಮೊಫೋನ್ ಕಂಪನಿಗೆ ಮುದ್ರಿಸಿದರು. ಈಗ ಐದು ಮತ್ತು ಏಳನೇ ಸಿಂಫನಿ ಒಟ್ಟಿಗಿರುವ ಆಲ್ಬಮ್ ಆಗಿ ಸಿಗುತ್ತದೆ. ಹುಷಾರು: ಅವರ ತಂದೆ ಎರಿಕ್ ಕ್ಲೈಬರ್ ಕೂಡ ದೊಡ್ಡ ಕಂಡಕ್ಟರ್. 1953ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ವಾದ್ಯವೃಂದದೊಡನೆ ಇದೇ ಕೃತಿಯನ್ನು ಮುದ್ರಿಸಿದ್ದಾರೆ. ಮನೆತನದ ಹೆಸರೊಂದನ್ನೇ ಹುಡುಕಿದರೆ ಅಪ್ಪ ಬರುತ್ತಾರೋ ಮಗ ಬರುತ್ತಾರೋ ಹೇಳಲಾಗದು. ಅಪ್ಪನದೂ ಕಳಪೆಯೇನಲ್ಲ, ಮೋನೊ (ಸ್ಟೀರಿಯೊ ಅಲ್ಲದ, ಒಂದೇ ಚಾನೆಲ್ಲಿನ ಮುದ್ರಣ) ಅಷ್ಟೆ.

ಪಕ್ಕಕ್ಕಿಡಬೇಕಾದದ್ದು ಹರ್ಬರ್ಟ್ ಫಾನ್ ಕರಾಯಾನ್, ಬರ್ಲಿನ್ ಫಿಲ್‌ಹಾರ್ಮೋನಿಕ್, 1962. ಕರಾಯಾನ್ ಇದನ್ನು ಹತ್ತಾರು ವರ್ಷಗಳುದ್ದಕ್ಕೂ ಮತ್ತೆ ಮತ್ತೆ ಮುದ್ರಿಸಿದ್ದರಿಂದ ವರ್ಷ ನೋಡದೆ ಒತ್ತಬೇಡಿ. ಇಬ್ಬರ ಕೊನೆಯ ಭಾಗದ ನಿಮಿಷ ನೋಡಿ: ಕ್ಲೈಬರ್ 11ರ ಹತ್ತಿರ, ಕರಾಯಾನ್ 9ರ ಹತ್ತಿರ. ಕರಾಯಾನ್ ಓಡಿಸಿದ್ದಾರೆಂದು ಅರ್ಥವಲ್ಲ. ಕೊನೆಯ ಭಾಗದ ಆರಂಭವನ್ನು ಮರಳಿ ನುಡಿಸುವ ಗುರುತನ್ನು ಕ್ಲೈಬರ್ ಪಾಲಿಸಿದ್ದಾರೆ, ಕರಾಯಾನ್ ಬಿಟ್ಟಿದ್ದಾರೆ. ನಿಮ್ಮ ಪಟ್ಟಿಯ 31 ಮತ್ತು 33ರ ನಡುವಿನ ಎರಡು ನಿಮಿಷ ಅದೇ. 38ರ ಮುದ್ರಣದಲ್ಲಿ ಮಾತ್ರ ನಿಜವಾಗಿ ಕಾಲ ವಿಳಂಬ.

ಕೇಳುವಾಗ ಎರಡು ಜಾಗ ಹಿಡಿದುಕೊಳ್ಳಿ. ಮೊದಲ ಭಾಗದ ನಡು ದಾಟಿದ ಮೇಲೆ ಎಲ್ಲ ವಾದ್ಯಗಳೂ ನಿಂತು ಒಂಟಿ ಓಬೋ (ನಾಗಸ್ವರದ ದಾಯಾದಿ ಎನ್ನಿ) ಕೆಲವು ಸೆಕೆಂಡು ತಾಳವಿಲ್ಲದೆ ಹಾಡುತ್ತದೆ. ಅಷ್ಟು ಗದ್ದಲದ ನಡುವೆ ಒಂದು ಚಿಟಿಕೆ ಆಲಾಪನೆ. ಎರಡನೆಯದು, ಮೂರನೇ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಸೇತುವೆ. ಟಿಂಪನಿ ಎಂಬ ನಗಾರಿ ಕೇಳಿಯೂ ಕೇಳದ ಹಾಗೆ ಷಡ್ಜವನ್ನೇ ತಟ್ಟುತ್ತಿರುತ್ತದೆ, ಮೇಲೆ ವಯೊಲಿನ್‌ಗಳು ತಡವರಿಸುತ್ತವೆ, ಒಮ್ಮೆಲೇ ಉಬ್ಬಿ ಕೊನೆಯ ಭಾಗ ಸ್ಫೋಟಿಸುತ್ತದೆ. ಆವರೆಗೆ ಸುಮ್ಮನೆ ಕೂತಿದ್ದ ಟ್ರಾಂಬೋನ್, ಪಿಕೊಲೊ, ಕಾಂಟ್ರಾಬಸೂನ್‌ಗಳ ಪ್ರವೇಶ ಅಲ್ಲೇ. ಎರಡು ಭಾಗಗಳ ನಡುವೆ ಬಿಡುವಿಲ್ಲ, ಟ್ರ್ಯಾಕ್ ಮಾತ್ರ ಬದಲಾಗುತ್ತದೆ. ಗ್ಯಾಪ್‌ಲೆಸ್ ಇಲ್ಲದಿದ್ದರೆ ಸರಿಯಾಗಿ ಸ್ಫೋಟದ ಹೊತ್ತಿಗೆ ಅರ್ಧ ಸೆಕೆಂಡು ಮೌನ ನುಗ್ಗಿ ಎಲ್ಲ ಕೆಡುತ್ತದೆ. ಕರ್ನಾಟಕ ಸಂಗೀತದ ಕಿವಿಗೆ ಇನ್ನೂ ಒಂದು ಸುಳಿವು: ಮೊದಲ ಭಾಗದ ಸ್ವರಸ್ಥಾನಗಳು ಕೀರವಾಣಿಯ ನೆರೆಹೊರೆ, ಕೊನೆಯ ಭಾಗದ್ದು ಶಂಕರಾಭರಣ, ಆಧಾರಷಡ್ಜ ಎರಡಕ್ಕೂ ಒಂದೇ. ಇದಕ್ಕಿಂತ ಮುಂದೆ ರಾಗ ಹುಡುಕಬೇಡಿ. ಭಾಗದೊಳಗೇ ಷಡ್ಜ ಜಾಗ ಬದಲಿಸುತ್ತ ಹೋಗುತ್ತದೆ, ತಂಬೂರಿ ಹಿಡಿದವರಿಗೆ ತಲೆ ತಿರುಗುತ್ತದೆ. ಜಾನ್ ಎಲಿಯಟ್ ಗಾರ್ಡಿನರ್ 1994ರಲ್ಲಿ ಆ ಕಾಲದ ಮಾದರಿಯ ವಾದ್ಯಗಳಲ್ಲಿ ಮುದ್ರಿಸಿದ್ದನ್ನು ಕೇಳಿದರೆ ಶ್ರುತಿಯೇ ತುಸು ಕೆಳಗಿದೆ ಅನ್ನಿಸಬಹುದು. ಅಂಥ ವೃಂದಗಳು ಇಂದಿನ ರೂಢಿಯ 440 ಹರ್ಟ್ಸ್‌ಗಿಂತ ಕೆಳಗೆ ಶ್ರುತಿ ಇಡುವುದು ರೂಢಿ; ತಪ್ಪು ನಿಮ್ಮ ಕಿವಿಯದಲ್ಲ.

ಎರಡನೆಯದು ವಿವಾಲ್ಡಿಯ ‘ನಾಲ್ಕು ಋತುಗಳು’. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಓಪಸ್ 8ರ ಮೊದಲ ನಾಲ್ಕು ವಯೊಲಿನ್ ಕಾನ್ಸರ್ಟೊಗಳು. ವಸಂತದ್ದು ಆರ್‌ವಿ 269. ಲಿಫ್ಟು, ಹೋಟೆಲು, ಫೋನ್ ಹೋಲ್ಡ್ ಎಲ್ಲ ಕಡೆ ಸವೆದು ಹೋಗಿರುವ ಸಂಗೀತ. ಅದನ್ನು ಹೊಸದಾಗಿ ಕೇಳಬೇಕಾದರೆ ನಾಯಿಯನ್ನು ಹುಡುಕಿ. ವಸಂತದ ಎರಡನೇ ಭಾಗದಲ್ಲಿ ಕುರಿ ಕಾಯುವವನು ನಿದ್ದೆ ಹೋಗಿದ್ದಾನೆ, ಅದು ಏಕವಯೊಲಿನ್. ಎಲೆಗಳ ಮರ್ಮರ ಉಳಿದ ವಯೊಲಿನ್‌ಗಳದ್ದು. ಇವೆರಡರ ಕೆಳಗೆ ವಿಯೋಲಾ (ವಯೊಲಿನ್‌ಗಿಂತ ತುಸು ದೊಡ್ಡದು, ದನಿ ತಗ್ಗು) ಒಂದೇ ಸಮನೆ ಎರಡೆರಡು ಸ್ವರ ಹಾಕುತ್ತದೆ: ಬೊಗಳುವ ನಾಯಿ. ಸ್ವರಲಿಪಿಯಲ್ಲೇ ಹಾಗೆಂದು ಬರೆದಿದೆ. ಜೊತೆಗೆ ‘ಇದನ್ನು ಯಾವಾಗಲೂ ಬಹಳ ಜೋರಾಗಿ, ಹರಿದ ಹಾಗೆ ನುಡಿಸಬೇಕು’ ಎಂಬ ಸೂಚನೆ. ಇಟಲಿಯ ಇ ಮುಸಿಚಿ ತಂಡ, ಏಕವಯೊಲಿನ್ ಫೆಲಿಕ್ಸ್ ಆಯೊ, 1959ರ ಮುದ್ರಣ ಹಾಕಿ. ಮನೆಮನೆಗೆ ಈ ಕೃತಿಯನ್ನು ಮುಟ್ಟಿಸಿದ್ದರಲ್ಲಿ ಇವರ ಪಾಲು ದೊಡ್ಡದು. ನಾದ ಬೆಣ್ಣೆಯಂತಿದೆ, ನಾಯಿಯೂ ಮರ್ಯಾದಸ್ಥ. ಆಮೇಲೆ ಫಾಬಿಯೊ ಬಿಯೊಂದಿ ಮತ್ತು ಯೂರೋಪಾ ಗಲಾಂತೆ ತಂಡದ 1991ರದ್ದು. ಕರುಳಿನ ತಂತಿ, ಹಳೆಯ ಮಾದರಿಯ ಬಿಲ್ಲು. ಇಲ್ಲಿ ನಾಯಿ ನಾಯಿಯೇ. ಬರೆದದ್ದಕ್ಕೆ ಹತ್ತಿರ ಎರಡನೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಾನುವಾರ ಬೆಳಗ್ಗೆ ಕಾಫಿಯ ಜೊತೆಗೆ ಮೊದಲನೆಯದೇ ಸರಿ.

ಮೂರನೆಯದು ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಶನ್ಸ್’, ಬಿಡಬ್ಲ್ಯುವಿ 988, 1741ರಲ್ಲಿ ಪ್ರಕಟ. ಒಂದು ಆರಿಯಾ (ಹಾಡಿನಂಥ ಚಿಕ್ಕ ತುಣುಕು), ಮೂವತ್ತು ರೂಪಾಂತರ, ಮತ್ತೆ ಅದೇ ಆರಿಯಾ. ಹೊಸಬರು ಎಡವುವ ಜಾಗ ಒಂದೇ: ಆರಿಯಾದ ರಾಗ ಮುಂದೆ ಎಲ್ಲಿ ಬರುತ್ತದೆ ಎಂದು ಮೇಲಿನ ಸ್ವರಗಳಲ್ಲಿ ಹುಡುಕುತ್ತಾರೆ. ಅದು ಬರುವುದಿಲ್ಲ. ಉಳಿಯುವುದು ಎಡಗೈಯ ಮಂದ್ರದ ಸಾಲು, 32 ಹೆಜ್ಜೆಯದು. ನೆರವಲಿನಲ್ಲಿ ಸಾಹಿತ್ಯದ ಸಾಲು ನಿಂತು ಸಂಗತಿ ಬದಲಾಗುತ್ತದಲ್ಲ, ಇಲ್ಲಿ ನಿಂತಿರುವುದು ತಳಪಾಯ. ಆರಿಯಾವನ್ನು ಮೂರು ಸಲ ಕೇಳಿ, ಮೂರನೇ ಸಲ ಬರೀ ಕೆಳಗಿನ ಸ್ವರಗಳನ್ನು ಗುನುಗಿ, ಆಮೇಲೆ ಮುಂದೆ ಹೋಗಿ. ಮೂರು, ಆರು, ಒಂಬತ್ತು ಹೀಗೆ ಇಪ್ಪತ್ತೇಳರ ತನಕ ಪ್ರತಿ ಮೂರನೆಯದರಲ್ಲಿ ಒಂದು ದನಿ ಇನ್ನೊಂದನ್ನು ಬೆನ್ನಟ್ಟುತ್ತದೆ. ಮೊದಲು ಅದೇ ಸ್ವರದಿಂದ, ಆಮೇಲೆ ಒಂದು ಸ್ವರ ದೂರದಿಂದ, ಹೀಗೆ ದೂರ ಹೆಚ್ಚುತ್ತ. ಪಿಯಾನೊದಲ್ಲಿ ಗಮಕ ಇಲ್ಲ ಎಂಬ ಕೊರಗು ನಿಮಗೆ ಬಂದೇ ಬರುತ್ತದೆ. ಅದರ ಬದಲಿಗೆ ಸಿಗುವುದು ಇದು, ಏಕಕಾಲಕ್ಕೆ ಎರಡು ಮೂರು ದನಿಗಳ ಸಂವಾದ.

ಇಲ್ಲಿ ಎರಡೂ ಮುದ್ರಣ ಒಬ್ಬರದ್ದೇ. ಕೆನಡಾದ ಗ್ಲೆನ್ ಗೂಲ್ಡ್ 22ನೇ ವಯಸ್ಸಿನಲ್ಲಿ, 1955ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ್ದು ಸುಮಾರು 38 ನಿಮಿಷ. 1981ರಲ್ಲಿ ಅದೇ ಊರಿನಲ್ಲಿ ಮತ್ತೆ ಮುದ್ರಿಸಿದ್ದು 51 ನಿಮಿಷ. ಅದು ಹೊರಬಂದ ಕೆಲವೇ ದಿನಗಳಲ್ಲಿ, 1982ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮೊದಲ ಆರಿಯಾ 1955ರಲ್ಲಿ ಎರಡು ನಿಮಿಷಕ್ಕೂ ಕಡಿಮೆ, 1981ರಲ್ಲಿ ಮೂರರ ಮೇಲೆ. ವಯಸ್ಸಾದಂತೆ ನಿಧಾನವಾದರು ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ 25ನೆಯದರ ನಿಮಿಷ ನೋಡಿ. ಇಡೀ ಕೃತಿಯಲ್ಲೇ ಅತಿ ಗಂಭೀರವಾದ ಅದು ಎರಡರಲ್ಲೂ ಆರು ನಿಮಿಷದ ಮೇಲಿದೆ, ಹಳೆಯದೇ ತುಸು ಉದ್ದ. 1955ರಲ್ಲಿ ಪ್ರತಿಯೊಂದಕ್ಕೂ ಅದರದೇ ಕಾಲಪ್ರಮಾಣ. 1981ರಲ್ಲಿ ಒಂದರ ನಡೆ ಮುಂದಿನದಕ್ಕೆ ಲೆಕ್ಕದಲ್ಲಿ ಹೊಂದುತ್ತದೆ. ಚೌಕಕಾಲದಿಂದ ಮಧ್ಯಮಕಾಲಕ್ಕೆ ದಾಟಿದರೂ ತಾಳ ಕದಲದ ಹಾಗೆ. ಹಿಂದೆ ಯಾರೋ ಗುನುಗುವುದು ಕೇಳಿಸಿದರೆ ಮೊಬೈಲ್ ಕೆಟ್ಟಿಲ್ಲ. ಅದು ಗೂಲ್ಡ್ ಅವರೇ. ಬಾಖ್ ಬರೆದ ಮರುನುಡಿಕೆಗಳನ್ನೆಲ್ಲ ಕೇಳಬೇಕೆಂದರೆ ಮರ್ರೇ ಪೆರಾಯಾ 2000ದಲ್ಲಿ ಮುದ್ರಿಸಿದ್ದಿದೆ, ಒಂದು ಗಂಟೆ ಹತ್ತು ನಿಮಿಷ ದಾಟುತ್ತದೆ.

ನಾಲ್ಕನೆಯದರಲ್ಲಿ ಮೈಸೂರಿನ ಪಾತ್ರವಿದೆ. ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡುಗಳು’, ಸೊಪ್ರಾನೊ (ಎತ್ತರದ ಸ್ತ್ರೀದನಿ) ಗಾಯಕಿ ಮತ್ತು ವಾದ್ಯವೃಂದಕ್ಕೆ, 1948ರಲ್ಲಿ ಬರೆದದ್ದು. (ವಾಲ್ಟ್ಸ್ ಬರೆದ ಯೊಹಾನ್ ಸ್ಟ್ರೌಸ್ ಬೇರೆ, ನೆಂಟರೂ ಅಲ್ಲ; ಹುಡುಕುವಾಗ ನೋಡಿಕೊಳ್ಳಿ.) ಮರುವರ್ಷ ಸ್ಟ್ರೌಸ್ ಹೋಗಿಬಿಟ್ಟ. ಹಾಡುಗಳು ಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯನ, ಫಿಲ್‌ಹಾರ್ಮೋನಿಯಾ ವಾದ್ಯವೃಂದ, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಕಂಡಕ್ಟರ್. ಖರ್ಚಿಗೆ 4,800 ಡಾಲರ್ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರ್. ಅವರಿಗೆ ಹೋಗಲಾಗಲಿಲ್ಲ, ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳಿಸಲಿ ಎಂಬುದೇ ಉದ್ದೇಶ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಅದೇ ಅರಸರು ರಷ್ಯಾದ ಸಂಗೀತಕಾರ ಮೆಡ್ಟ್ನರ್ ಹೆಸರಿನಲ್ಲಿ ಸಂಘ ಕಟ್ಟಿ, ಮುಪ್ಪಿನ ಆ ಮನುಷ್ಯ ತನ್ನ ಪಿಯಾನೊ ಕಾನ್ಸರ್ಟೊಗಳನ್ನು ತಾನೇ ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಡ್ಟ್ನರ್ ತನ್ನ ಮೂರನೇ ಕಾನ್ಸರ್ಟೊವನ್ನು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ.

1950ರ ಆ ಮುದ್ರಣ ಇಂದಿಗೂ ಸಿಗುತ್ತದೆ, ಆದರೆ ಕರಕರ ಸದ್ದಿನ ಹಿಂದಿನಿಂದ ದನಿ ಕೇಳಬೇಕು. ಮೊದಲು ಅದನ್ನೇ ಹಾಕಿದರೆ ಕೃತಿಯ ಮೇಲೇ ಬೇಸರ ಬಂದೀತು. ಎಲಿಜಬೆತ್ ಶ್ವಾರ್ಟ್ಸ್‌ಕೋಪ್ಫ್ ಮತ್ತು ಜಾರ್ಜ್ ಸೆಲ್, 1965, ಇದರಿಂದ ಶುರು ಮಾಡಿ. ಪದಪದಕ್ಕೂ ಬಣ್ಣ ಬದಲಿಸುವ ಗಾಯನ. ನಮ್ಮಲ್ಲಿ ಸಾಹಿತ್ಯಭಾವಕ್ಕೆ ಒತ್ತು ಕೊಡುವವರ ದಾರಿ. ಪಕ್ಕಕ್ಕೆ ಜೆಸ್ಸಿ ನಾರ್ಮನ್ ಮತ್ತು ಕುರ್ಟ್ ಮಾಸೂರ್, ಲೈಪ್ಸಿಗ್, 1982. ಕೊನೆಯ ಹಾಡು ‘ಸಂಜೆಗೆಂಪಿನಲ್ಲಿ’ ಇವರ ಬಳಿ ಹತ್ತು ನಿಮಿಷದ ಹತ್ತಿರ ಹೋಗುತ್ತದೆ. ಇಷ್ಟು ವಿಳಂಬಕ್ಕೆ ಉಸಿರಿರುವ ಗಾಯಕಿಯರು ಅಪರೂಪ. ಬೇರೆಯವರು ಇದನ್ನು ಅನುಕರಿಸಲು ಹೋದರೆ ಸಾಲು ನಡುವೆ ತುಂಡಾಗುತ್ತದೆ. ಕೇಳುವ ಮುನ್ನ ನಾಲ್ಕು ಪದ್ಯಗಳ ಅನುವಾದ ಓದಿಕೊಳ್ಳಿ (ಮೂರು ಹೆರ್ಮನ್ ಹೆಸ್ಸೆಯವು, ಕೊನೆಯದು ಐಖೆನ್‌ಡೋರ್ಫ್‌ನದು), ಅದಿಲ್ಲದೆ ಅರ್ಧ ದಕ್ಕುವುದಿಲ್ಲ. ‘ಸೆಪ್ಟೆಂಬರ್’ ಹಾಡಿನ ಕೊನೆಗೆ ದನಿ ನಿಂತ ಮೇಲೆ ಒಂದು ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಕಹಳೆ) ಒಂಟಿಯಾಗಿ ಹಾಡುತ್ತದೆ; ಸ್ಟ್ರೌಸ್‌ನ ತಂದೆ ಹಾರ್ನ್ ವಾದಕ. ಕೊನೆಯ ಹಾಡಿನಲ್ಲಿ ಗಾಯಕಿ ‘ಇದೇ ಏನು ಸಾವು?’ ಎಂದು ಕೇಳಿ ಮುಗಿಸಿದ ಮೇಲೆ, ಸುಮಾರು ಅರವತ್ತು ವರ್ಷ ಹಿಂದೆ ಸ್ಟ್ರೌಸ್ ಸಾವನ್ನೇ ಕುರಿತು ಬರೆದಿದ್ದ ಇನ್ನೊಂದು ಕೃತಿಯ ಧಾಟಿ ವಾದ್ಯವೃಂದದಲ್ಲಿ ಮೆಲ್ಲಗೆ ಏಳುತ್ತದೆ, ಮೇಲೆ ಎರಡು ಬಾನಾಡಿಗಳ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ವೇಗದ ಕಂಪನ). ಹಾಡುಗಳ ಕ್ರಮ ಒಂದೊಂದು ಮುದ್ರಣದಲ್ಲಿ ಬೇರೆಯಿದ್ದರೆ ಗಾಬರಿ ಬೇಡ. ಮೊದಲ ಪ್ರದರ್ಶನದ ಕ್ರಮವೇ ಬೇರೆ, ಆಮೇಲೆ ಅಚ್ಚಾದ ಕ್ರಮವೇ ಬೇರೆ. ‘ಸಂಜೆಗೆಂಪಿನಲ್ಲಿ’ ಎರಡರಲ್ಲೂ ಕೊನೆಯದೇ.

ಇನ್ನು ಎಲ್‌ಪಿ. ಪ್ಲೇಯರ್ ಈಗಾಗಲೇ ಇದ್ದರೆ ಕೊಳ್ಳಿ, ಇದಕ್ಕಾಗಿಯೇ ಹೊಸದು ತರಬೇಡಿ. ತಟ್ಟೆಯ ಒಳಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಸಂಗೀತ ಕಡಿಮೆ ಉದ್ದದ ಗೆರೆಯಲ್ಲಿ ಇಕ್ಕಟ್ಟಾಗಿ ಕೂರುವುದರಿಂದ ಜೋರಾದ ಸದ್ದು ಅಲ್ಲೇ ಒಡೆಯುವುದು. ಸಿಂಫನಿಯ ಅತಿ ಜೋರಾದ ಕೊನೆ ಬಂದು ಕೂರುವುದೂ ಅಲ್ಲೇ. ಆದ್ದರಿಂದ ಅಂಗಡಿಯಲ್ಲಿ ಪರೀಕ್ಷಿಸುವಾಗ ಮೊದಲ ನಿಮಿಷ ಕೇಳಿ ತಲೆಯಾಡಿಸಬೇಡಿ. ಮುಳ್ಳನ್ನು ಒಳಸುತ್ತಿನ ಕೊನೆಯ ಎರಡು ನಿಮಿಷದ ಮೇಲೆ ಇಡಲು ಹೇಳಿ. ಜೊತೆಗೆ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಬೆರಳಿನ ಗುರುತು ತೊಳೆದರೆ ಹೋಗುತ್ತದೆ, ಉಗುರಿಗೆ ಸಿಕ್ಕುವ ಗೀರು ಹೋಗುವುದಿಲ್ಲ.